ಮೋರ್ಯಾರ ಮನೆಯ ಬಾಣಂತಿ

ಹೋದ ತಿಂಗಳು ಗಂಗಾವತಿಯಲ್ಲಿ ನಮ್ಮ ಗಾರ್ಡಕ್ಕನ ನಿವೃತ್ತಿ ಸಮಾರಂಭ ಮಾಡಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕಿನ ಮುಂದೆ ನಿಂತವರೆಲ್ಲ ಒಂದೇ ಮಾತು ಹೇಳಿದರು: ಈಕೆ ಸರಳ ಜೀವಿ, ಮೃದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ, ಇವರೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಕೊನೆಗೆ ನನ್ನನ್ನೂ ಎರಡು ಮಾತಾಡಲು ಕರೆದರು. ಎದ್ದು ಹೋಗಿ, "ಇವರು ಹೇಳಿದ್ದೆಲ್ಲಾ ಸುಳ್ಳೈತಿ" ಅಂದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ಯಾರೋ ಬಂದು ಮೈಕ್ ತೆಗೆದುಕೊಂಡರು. ಆವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಆಕೆಯ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅರಣ್ಯ ಇಲಾಖೆಯ ಗಾರ್ಡ್, ಅದಕ್ಕೆ ಗಾರ್ಡಕ್ಕ. ನನಗಿಂತ ಬಹಳ ಚಿಕ್ಕವಳು. ಆದರೂ ನಾನೂ ಗಾರ್ಡಕ್ಕ ಅಂತಲೇ ಅನ್ನುತ್ತಿದ್ದೆ. ಆಕೆ ನನಗೆ, ತಾಯಿಯನ್ನು ಕರೆಯುವ ಹಾಗೆ, "ಏನಬೇ" ಅನ್ನುತ್ತಿದ್ದಳು.

ನಮ್ಮದು ಗಂಗಾವತಿ ತಾಲೂಕಿನ ಗುಡ್ಡದ ಬುಡದ ಊರು. ಕಾಲುವೆಯ ನೀರು ಮರಳಿ ಅನ್ನುವ ಊರಿನ ಕಡೆಗೆ ಹೋಗುತ್ತದೆ, ನಮ್ಮ ಕಡೆಗೆ ಏರುವುದಿಲ್ಲ. ಅವರಿಗೆ ಭತ್ತ, ನಮಗೆ ಸಜ್ಜೆ. ಗುಡ್ಡದ ನೆತ್ತಿ ಮಾತ್ರ ನಮ್ಮದು. ಅಲ್ಲಿ ಮೋರ್ಯಾರ ಮನೆಗಳಿವೆ. ಚಪ್ಪಡಿ ಕಲ್ಲುಗಳನ್ನು ಗೋಡೆಯ ಹಾಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು ಅವು. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಮೋರ್ಯಾರು ಅಂದರೆ ಮೊಳದುದ್ದದ ಜನ, ನಮಗಿಂತ ಮೊದಲು ಇಲ್ಲಿ ಬಾಳಿದವರು, ಬೆಂಕಿಯ ಮಳೆ ಬಂದಾಗ ಆ ಕಲ್ಲುಗಳ ಅಡಿಯಲ್ಲೇ ಸತ್ತರು ಅಂತ ನನ್ನ ಅತ್ತೆ ಹೇಳುತ್ತಿದ್ದಳು. ಓದಿದವರು ಬಂದು, ಅವು ಮನೆಗಳಲ್ಲ, ಬಹಳ ಹಳೆಯ ಸಮಾಧಿಗಳು ಅನ್ನುತ್ತಾರೆ. ಇರಲಿ. ನಮ್ಮೂರಲ್ಲಿ ಮಾತು ಕಲಿಯುವ ಕೂಸು ಕೂಡ ಅದಕ್ಕೆ ಮನೆ ಅಂತಲೇ ಅನ್ನುತ್ತದೆ. ಆ ಮನೆಗಳ ಸುತ್ತ ದೊಡ್ಡ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಕರಡಿಗಳು.

ಗಾರ್ಡಕ್ಕ ಯಲಬುರ್ಗಾ ಕಡೆಯವಳು. ಕುಳ್ಳಗೆ, ದಪ್ಪಗೆ, ಎರೆ ಮಣ್ಣಿನ ಬಣ್ಣ. ನಮ್ಮೂರಿಗೆ ಬರುವ ಮೊದಲು ಹನುಮನಹಳ್ಳಿ ಕಡೆ ಇದ್ದಳಂತೆ. ಅಲ್ಲಿ ಬೆಟ್ಟಕ್ಕೆ ಬಂದವರು ಮಂಗಗಳಿಗೆ ಬಾಳೆಹಣ್ಣು ಕೊಡುತ್ತಿದ್ದರೆ ಕೈಯಿಂದ ಕಿತ್ತು ತಾನೇ ಸುಲಿದು ತಿನ್ನುತ್ತಿದ್ದಳಂತೆ. "ಮಂಗ್ಯಾಗ ಕೊಟ್ಟರ ಕಾಯ್ದೆ ಅಡ್ಡ ಬರತೈತ್ರಿ. ನನಗ ಕೊಟ್ಟರ ಯಾವ ಕಾಯ್ದೆನೂ ಅಡ್ಡ ಬರಂಗಿಲ್ಲ" ಅನ್ನುತ್ತಿದ್ದಳಂತೆ. ಯಾರೋ ದೊಡ್ಡವರ ಕೈಯಿಂದ ಹಾಗೆ ಕಿತ್ತದ್ದಕ್ಕೆ ನಮ್ಮೂರಿಗೆ ವರ್ಗವಾಯಿತು. ನನ್ನ ಮನೆಯ ಗೋಡೆಗೆ ಹೊಂದಿದ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಗಂಡ ಕುಷ್ಟಗಿಯಲ್ಲಿ ದರ್ಜಿ. ಭಾನುವಾರ ಬರುತ್ತಿದ್ದ, ಅಡುಗೆ ಮಾಡುತ್ತಿದ್ದ, ಆಕೆಯ ಖಾಕಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಆತ ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಆ ಮನೆಗೆ ಆಕೆಯ ಒಂದು ಬಾಯಿಯೇ ಸಾಕಾಗಿತ್ತು.

ನನಗೂ ಆಕೆಗೂ ಮೊದಲು ಆದದ್ದು ಜಗಳವೇ. ಸೀತಾಫಲದ ಕಾಲ. ನಾನು ಪ್ರತಿ ವರ್ಷದಂತೆ ಗುಡ್ಡ ಹತ್ತಿ ಬುಟ್ಟಿ ತುಂಬಿಕೊಂಡು ಇಳಿಯುತ್ತಿದ್ದೆ. ದಾರಿಗೆ ಅಡ್ಡ ನಿಂತಳು.

"ಎಲ್ಲಿಂದ ತಂದಿ ಬೇ?"

"ಗಿಡದಿಂದ. ಮತ್ತೆಲ್ಲಿಂದ ತರ್ತಾರ?"

"ಯಾವ ಗಿಡ ಅಂತ ಕೇಳಿದೆ. ಮ್ಯಾಲಿನ ಸಾಲಿಂದೋ, ಕೆಳಗಿನ ಸಾಲಿಂದೋ?"

"ಹಣ್ಣು ತಿನ್ನೋರು ಯಾವ ಸಾಲು ಅಂತ ಕೇಳಂಗಿಲ್ಲವಾ."

"ತಿನ್ನೋರು ಕೇಳತಾರ. ಮ್ಯಾಲಿನ ಸಾಲು ಕರಡಿ ಪಾಲು. ಅದಕ್ಕ ತಿನ್ನಾಕ ಸಿಗಲಿಲ್ಲಂದ್ರ ನಿನ್ನ ಸಜ್ಜಿ ಹೊಲಕ್ಕ ಬರತೈತಿ. ಆವಾಗ ನೀ ನನ್ನ ಕೋಣಿ ಮುಂದ ಬಂದು ಬೊಬ್ಬಿ ಹೊಡೀತಿ."

ಬುಟ್ಟಿ ಕಸಿದು, ಅರ್ಧ ಹಣ್ಣನ್ನು ಅಲ್ಲೇ ಬಂಡೆಯ ಮೇಲೆ ಸುರಿದಳು. ಉಳಿದರ್ಧ ಬುಟ್ಟಿಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ನನ್ನ ಮನೆಯ ತನಕ ಹೊತ್ತು ತಂದಳು. ಆವತ್ತು ನಾನು ಬೈದ ಬೈಗುಳವನ್ನು ಇಲ್ಲಿ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ. ಆಕೆ ಎಲ್ಲವನ್ನೂ ಕೇಳಿ, "ಭಾಳ ಛಲೋ ಬೈತಿ ಬೇ. ಚಾ ಮಾಡ್ತಿಯೇನು?" ಅಂದಳು. ಮಾಡಿದೆ.

ಕಾಯ್ದೆ ಅನ್ನುವುದು ಆಕೆಯ ಬಾಯಲ್ಲಿ ಮನೆಯ ಹಿರಿಯಳಂತೆ ಓಡಾಡುತ್ತಿತ್ತು. "ಕಾಯ್ದೆ ಒಪ್ಪಂಗಿಲ್ಲ", "ಕಾಯ್ದೆ ಸಿಟ್ಟಾಗತೈತಿ", "ಕಾಯ್ದೆಗೆ ಗೊತ್ತಾದ್ರ ನಿನ್ನ ಬಿಡಂಗಿಲ್ಲ." ಮೊದಮೊದಲು ಕಾಯ್ದೆ ಅಂದರೆ ಗಂಗಾವತಿಯಲ್ಲಿ ಕುಳಿತ ಯಾರೋ ಮೇಡಂ ಅಂತ ನಾನು ತಿಳಿದಿದ್ದೆ. ಕೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಆಮೇಲೆ ತಿಳಿಸಿ ಹೇಳಿದಳು. ನಮ್ಮ ಗುಡ್ಡಕ್ಕೆ ಎರಡು ಕಾಯ್ದೆಗಳಿವೆ. ಕರಡಿಯನ್ನು ಮುಟ್ಟಬಾರದು, ಅದರ ಗವಿಯನ್ನು ಕೆಡಿಸಬಾರದು ಅನ್ನುವುದೊಂದು. ಹಳೆಯ ಕಲ್ಲನ್ನು ಕೀಳಬಾರದು, ಒಡೆಯಬಾರದು ಅನ್ನುವುದು ಇನ್ನೊಂದು. ಕರಡಿಯನ್ನು ನೋಡುವವರು ಒಂದು ಇಲಾಖೆಯವರು, ಕಲ್ಲನ್ನು ನೋಡುವವರು ಮತ್ತೊಂದು ಇಲಾಖೆಯವರು.

"ಎರಡೂ ಸಿಟ್ಟು ಮಾಡ್ಕೊಂಡ ಗಂಡ ಹೆಂಡ್ತಿ ಇದ್ದಂಗ ಬೇ. ಒಂದ ಮನ್ಯಾಗ ಇರ್ತಾವ, ಒಂದಕ್ಕೊಂದು ಮಾತಾಡಂಗಿಲ್ಲ. ನಾ ನಡುವ ನಿಂತು ಮಾತಾಡಸ್ಬೇಕು."

ಆಕೆ ಗುಡ್ಡ ಹತ್ತುವ ರೀತಿಯೇ ಬೇರೆ ಇತ್ತು. ಒಂದೊಂದು ಮೋರ್ಯಾರ ಮನೆಯ ಮುಂದೆಯೂ ದೂರದಲ್ಲೇ ನಿಂತು, ಕೋಲಿನಿಂದ ನೆಲಕ್ಕೆ ಬಡಿದು, "ಯಾರದೀರಿ ಮನ್ಯಾಗ?" ಅಂತ ಕೂಗುವಳು. ಓಣಿಯಲ್ಲಿ ಬೆಂಕಿಪೊಟ್ಟಣ ಕೇಳಲು ಬಂದವರು ಕೂಗುತ್ತಾರಲ್ಲ, ಹಾಗೆ. ಒಳಗೆ ಕರಡಿ ಮಲಗಿದ್ದರೆ ಗುರ್ ಅನ್ನುತ್ತದೆ, ನಾವು ಹಿಂದೆ ಸರಿಯಬಹುದು. ಒಮ್ಮೆಲೇ ಇಣುಕಿದವರ ಮುಖ ಉಳಿಯುವುದಿಲ್ಲ. ನಮ್ಮೂರವರು ನಕ್ಕರು. ಸ್ವಲ್ಪ ದಿನಕ್ಕೆ ಎಲ್ಲರೂ ಹಾಗೇ ಕೂಗಲು ಶುರು ಮಾಡಿದರು. ನಾನೂ ಕೂಗಿದೆ.

ನಮ್ಮ ಓಣಿಯ ಒಬ್ಬ ರೈತ ಮೋರ್ಯಾರ ಮನೆಯ ಕಿಂಡಿಗಲ್ಲನ್ನು ತಂದು ದನದ ಕೊಟ್ಟಿಗೆಗೆ ನಿಲ್ಲಿಸಿದ್ದ. ಕಿಂಡಿಯಲ್ಲಿ ಎಮ್ಮೆಯ ಹಗ್ಗ ಕಟ್ಟುತ್ತಿದ್ದ. ಗಾರ್ಡಕ್ಕ ಕೇಸು ಹಾಕಲಿಲ್ಲ. ಬೆಳಗ್ಗೆ ಎದ್ದು ಆತನ ಬಾಗಿಲಿನ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ.

"ಏಳ್ರಿ ಗಾರ್ಡಕ್ಕ, ಹೊಲಕ್ಕ ಹೋಗಬೇಕು."

"ನೀ ಮಂದಿ ಮನಿ ಬಾಗ್ಲಾ ಕಿತ್ಕೊಂಡು ಬಂದಿ. ನಾ ನಿನ್ನ ಮನಿ ಬಾಗ್ಲಾಗ ಕುಂತೀನಿ. ಲೆಕ್ಕ ಸಮ ಆತು."

"ಮೋರ್ಯಾರು ಸತ್ತು ಎಷ್ಟು ಕಾಲ ಆತು, ಅವರೇನು ಕೇಳಾಕ ಬರತಾರ?"

"ಅದಕ್ಕ ನಾ ಬಂದೀನಿ."

ಆತನ ಹೆಂಡತಿ ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದಳು. ಮೆಣಸಿನಕಾಯಿ ಚಟ್ನಿ ಇನ್ನಷ್ಟು ಹಾಕು ಅಂದಳು. ಏಳಲಿಲ್ಲ. ಮಧ್ಯಾಹ್ನಕ್ಕೆ ಆತ ಸೋತು ಬಂಡಿ ಕಟ್ಟಿದ. ಕಲ್ಲು ಗುಡ್ಡ ಸೇರಿತು. ಎಮ್ಮೆಗೆ ಗೂಟ ಬಡಿದರು.

ಇಂಥ ಹೆಂಗಸನ್ನು ಮೃದು ಅನ್ನುತ್ತಾರೆ.

ಈಗ ದೊಡ್ಡ ಸಂಗತಿ ಹೇಳುತ್ತೇನೆ.

ಗುಡ್ಡದ ಆಚೆ ಬದಿಯಲ್ಲಿ ಒಬ್ಬ ಗುತ್ತಿಗೆದಾರ ಪಟ್ಟಾ ಜಮೀನು ತೆಗೆದುಕೊಂಡು ಕಲ್ಲಿನ ಕ್ವಾರಿ ಮಾಡಿದ್ದ. ಅಲ್ಲಿನ ಕಲ್ಲು ಮುಗಿಯುತ್ತ ಬಂದಾಗ ಅವನ ಕಣ್ಣು ನೆತ್ತಿಯ ಮೇಲೆ ಬಿತ್ತು. ನೆತ್ತಿಯಲ್ಲಿ ಮೋರ್ಯಾರ ಮನೆ ಇದೆ, ಕರಡಿ ಇದೆ, ಎರಡಕ್ಕೂ ಕಾಯ್ದೆ ಇದೆ. ಆದರೆ ಮನೆ ಒಡೆದುಹಾಕಿ ಕರಡಿಯನ್ನು ಓಡಿಸಿಬಿಟ್ಟರೆ? ಬರೀ ಬೋಳು ಬಂಡೆ ಉಳಿಯುತ್ತದೆ. ಬೋಳು ಬಂಡೆಗೆ ಯಾವ ಕಾಯ್ದೆಯೂ ಇಲ್ಲ. ಆಗ ಹೋಗಿ, ಇಲ್ಲಿ ಏನೂ ಇಲ್ಲ, ನನಗೆ ಕೊಡಿ ಅಂತ ಕೇಳಬಹುದು. ಅವನು ಮೆಲ್ಲಗೆ ತನ್ನ ಕಡೆಯಿಂದ ನೆತ್ತಿಯ ತನಕ ಜೀಪು, ಟ್ರ್ಯಾಕ್ಟರ್ ಹತ್ತುವ ದಾರಿ ಮಾಡಿಸಿದ. ಅಂಚಿನ ಒಂದೆರಡು ಮನೆಗಳು ಆಗಲೇ ಪುಡಿಯಾಗಿದ್ದವು. ಗಾರ್ಡಕ್ಕ ಪೊಲೀಸರಿಗೆ ಫೋನು ಮಾಡಿ, "ಗುಡ್ಡದಾಗ ಕಲ್ಲು ಒಡ್ಯಾಕತ್ತಾರ್ರಿ" ಅಂದರೆ, ಫೋನು ಎತ್ತಿದವನು, "ಗುಡ್ಡದಾಗ ಕಲ್ಲು ಒಡೀದ ತೆಂಗಿನಕಾಯಿ ಒಡೀತಾರೇನು?" ಅಂದು ಇಟ್ಟುಬಿಟ್ಟನಂತೆ. ಅವರು ಬರುವಷ್ಟರಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಕೈಗೆ ಸಿಕ್ಕಿಬಿದ್ದ ಕಳ್ಳ ಇಲ್ಲದೆ ಕೇಸು ನಿಲ್ಲುವುದಿಲ್ಲ.

ಆ ವರ್ಷ ಚಳಿಗಾಲದಲ್ಲಿ, ಬಂಡೆಗೆ ಆತುಕೊಂಡ ಒಂದು ಮೋರ್ಯಾರ ಮನೆಯೊಳಗೆ ಕರಡಿ ಈದಿತ್ತು. ಪಕ್ಕದ ಕಲ್ಲು ಸರಿದು ಒಳಗೆ ಹೋಗುವಷ್ಟು ಸಂದಿಯಾಗಿದ್ದ ಮನೆ ಅದು. ಗಾರ್ಡಕ್ಕ ಊರೆಲ್ಲ ಸಾರಿದಳು: "ಮ್ಯಾಲ ಬಾಣಂತಿ ಅದಾಳ. ಎರಡು ಕೂಸು. ಆ ದಾರಿಗೆ ಯಾರೂ ಕಾಲಿಡಬ್ಯಾಡ್ರಿ." ಅವತ್ತಿನಿಂದ ಆಕೆ ಆ ಕರಡಿಯನ್ನು ಕರಡಿ ಅಂದದ್ದೇ ಇಲ್ಲ. ಬಾಣಂತಿ ನೀರಿಗೆ ಬಂದಿದ್ದಳು, ಬಾಣಂತಿ ಇವತ್ತು ಗೆದ್ದಲು ತಿಂದಳು, ಬಾಣಂತಿ ಸೊರಗಿದ್ದಾಳೆ. ಊರ ಹೆಂಗಸರು ಬೋರಿನ ಹತ್ತಿರ ಹಂಗಿಸುತ್ತಿದ್ದರು.

"ಗಾರ್ಡಕ್ಕ, ನಿಮ್ಮ ಬಾಣಂತಿಗೆ ಅಂಟಿನುಂಡಿ ಕಟ್ಟಿ ಕೊಡೂನೇನ್ರಿ?"

"ಕಟ್ಟಿಕೊಡ್ರಿ, ನಾನ ತಿಂತೀನಿ. ಆಕಿಗೆ ನೀವು ದಾರಿ ಬಿಟ್ಟರ ಸಾಕು."

ಕಾಮದಹನ ಆಗಿ ಮಾರನೆಯ ದಿನ ಬಣ್ಣದಾಟ. ಊರೆಲ್ಲ ಹಲಗೆ ಬಾರಿಸುವ ಸದ್ದು. ಗುತ್ತಿಗೆದಾರ ಆ ದಿನವನ್ನೇ ಆರಿಸಿದ್ದ. ಹಲಗೆಯ ಸದ್ದಿನಲ್ಲಿ ಕಲ್ಲು ಕೊರೆಯುವ ಕಂಪ್ರೆಸರಿನ ಸದ್ದು ಯಾರಿಗೆ ಕೇಳುತ್ತದೆ? ಬಣ್ಣ ಬಳಿದುಕೊಂಡ ಮುಖ ಯಾರದು ಅಂತ ಯಾರು ಗುರುತು ಹಿಡಿಯುತ್ತಾರೆ? ಲೆಕ್ಕ ಸರಿಯಾಗಿಯೇ ಇತ್ತು. ಗಾರ್ಡಕ್ಕನ ಕಿವಿಯೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಓಣಿಯ ಹೆಂಗಸರು ಆಕೆಯನ್ನು ಹಿಡಿದು ಮುಖಕ್ಕೆಲ್ಲ ಗುಲಾಬಿ ಬಣ್ಣ ಮೆತ್ತಿದ್ದರು. ನಗುತ್ತ ನಿಂತವಳು ಒಮ್ಮೆಲೇ, "ಹಲಗಿ ನಿಂದರಿಸ್ರಿ" ಅಂದಳು. ಯಾರೂ ನಿಲ್ಲಿಸಲಿಲ್ಲ. ಹೋಗಿ ಹಲಗೆಯ ಮೇಲೆ ಅಂಗೈ ಇಟ್ಟಳು. ಸದ್ದು ನಿಂತಿತು. ಗುಡ್ಡದ ಮೇಲಿಂದ ಡರ್ರೋ ಅನ್ನುವ ಸದ್ದು ಎಲ್ಲರಿಗೂ ಕೇಳಿಸಿತು.

ಅಲ್ಲೇ ನಿಂತು ಪೊಲೀಸರಿಗೆ ಫೋನು ಮಾಡಿದಳು. ಬಣ್ಣದ ದಿನವಾದ್ದರಿಂದ ಪೊಲೀಸರು ಜೀಪು ತುಂಬಿಕೊಂಡು ಸುತ್ತಮುತ್ತಲ ಊರುಗಳಲ್ಲೇ ಇದ್ದರು. ಫೋನು ಎತ್ತಿದವರು ಹೊಸದಾಗಿ ಬಂದ ಸಬ್ ಇನ್ಸ್‌ಪೆಕ್ಟರು, ಮೈಸೂರು ಕಡೆಯ ಹುಡುಗ. ಆಕೆ ಕೂಗಿದ್ದನ್ನು ಓಣಿಯೆಲ್ಲ ಕೇಳಿದೆ. ನಾನು ಪಕ್ಕದಲ್ಲೇ ಇದ್ದೆ.

"ಸಾಹೇಬ್ರ, ಮೋರ್ಯಾರ ಮನಿ ಒಡ್ಯಾಕತ್ತಾರ್ರಿ! ಒಳಗ ಬಾಣಂತಿ ಅದಾಳ, ಎರಡು ಕೂಸು ಅದಾವ! ಗುಡ್ಡದ ಆ ಮಗ್ಗಲಿಂದ ದಾರಿ ಐತಿ, ಲಗೂನ ಬರ್ರಿ!"

ಅಷ್ಟು ಹೇಳಿ ಫೋನು ಇಟ್ಟಳು, ಕೋಲು ತೆಗೆದುಕೊಂಡಳು. ನಾನೂ ಹಿಂದೆ ಹೊರಟೆ. ಯಾಕೆ ಹೊರಟೆ ಅಂದರೆ, ಒಬ್ಬಳೇ ಹೆಂಗಸು ಅಷ್ಟು ಗಂಡಸರ ಮುಂದೆ ಹೋಗಿ ನಿಂತರೆ ಏನು ಬೇಕಾದರೂ ಮಾಡುತ್ತಾರೆ, ನಾಳೆ ಏನೂ ಮಾಡಿಲ್ಲ ಅನ್ನುತ್ತಾರೆ. ಇಬ್ಬರಿದ್ದರೆ ಒಬ್ಬಳು ಹೇಳಬಹುದು.

ನಾವು ನೆತ್ತಿ ಮುಟ್ಟುವ ಹೊತ್ತಿಗೆ ಕಂಪ್ರೆಸರ್ ತಾನೇ ಡರ್ರೋ ಅನ್ನುತ್ತಿತ್ತು, ಹಿಡಿದವರು ಯಾರೂ ಇರಲಿಲ್ಲ. ಹಾರೆಗಳು ಬಿದ್ದಿದ್ದವು. ಒಂದು ಮನೆಯ ಮೇಲಿನ ಚಪ್ಪಡಿ ಸೀಳಿತ್ತು. ಗುತ್ತಿಗೆದಾರನ ಆಳುಗಳೆಲ್ಲ ಒಂದು ದೊಡ್ಡ ಬಂಡೆಯ ಮೇಲೆ ಒಬ್ಬರನ್ನೊಬ್ಬರು ಅವುಚಿಕೊಂಡು ನಿಂತಿದ್ದರು. ಒಬ್ಬನ ಪ್ಯಾಂಟು ಹಿಂದೆ ಹರಿದಿತ್ತು. ಕೆಳಗೆ ಬಾಣಂತಿ ನಿಂತಿದ್ದಳು, ಕರ್ರಗೆ, ಕೂದಲು ಕೆದರಿಕೊಂಡು. ಅವಳು ಹೂಂಕರಿಸಿದಾಗಲೆಲ್ಲ ಮೇಲಿದ್ದವರು "ಯವ್ವಾ" ಅನ್ನುತ್ತಿದ್ದರು. ನನ್ನನ್ನು ಬಂಡೆಯ ಮರೆಗೆ ಎಳೆದು ಗಾರ್ಡಕ್ಕ ಹಬ್ಬಕ್ಕೆ ಉಟ್ಟ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೇನೋ ಅಂದುಕೊಂಡೆ. ಅಲ್ಲ, ನಗುತ್ತಿದ್ದಳು.

ಅಷ್ಟರಲ್ಲಿ ಪೊಲೀಸರ ಜೀಪುಗಳು ಗುತ್ತಿಗೆದಾರನೇ ಮಾಡಿಸಿದ ದಾರಿ ಹಿಡಿದು ಮೇಲೆ ಬಂದವು. ಒಂದರ ಹಿಂದೆ ಒಂದು, ಕೊನೆಗೆ ಆಂಬುಲೆನ್ಸ್ ಕೂಡ. ಸಬ್ ಇನ್ಸ್‌ಪೆಕ್ಟರು ಜಿಗಿದು ಇಳಿದರು. ನಾಲ್ಕೂ ಕಡೆ ನೋಡಿದರು. ಬಂಡೆ, ಕಲ್ಲು, ಬಿಸಿಲು.

"ಎಲ್ಲಮ್ಮಾ ಮನೆ? ಮೋರೆ ಅನ್ನೋರ ಮನೆ ಎಲ್ಲಿ? ಮಗು, ಬಾಣಂತಿ ಎಲ್ಲಿ?"

ಜೀಪಿನ ಸದ್ದಿಗೆ ಕರಡಿ ಹಿಂದೆ ಸರಿದಿತ್ತು. ಮರಿಗಳೆರಡೂ ಮನೆಯ ಸಂದಿಯಿಂದ ಹೊರಗೆ ಬಂದು ಅದರ ಬೆನ್ನ ಮೇಲೆ ಹತ್ತಿ ಕುಳಿತವು. ಗಾರ್ಡಕ್ಕ ಕೋಲು ಚಾಚಿ ತೋರಿಸಿದಳು.

"ಮನಿ ಇದ ನೋಡ್ರಿ ಸಾಹೇಬ್ರ. ಬಾಣಂತಿ ಅಕಾ ಅಲ್ಲಿ, ಕೂಸುಗಳನ್ನ ಬೆನ್ನ ಮ್ಯಾಲ ಹಾಕ್ಕೊಂಡು ಹೊಂಟಾಳ. ಒಡ್ಯಾಕ ಬಂದೋರು ಆ ಬಂಡಿಗಲ್ಲ ಮ್ಯಾಲ ಅದಾರ."

ಸಬ್ ಇನ್ಸ್‌ಪೆಕ್ಟರು ಟೋಪಿ ತೆಗೆದರು. ಮೊದಲು ಸಿಟ್ಟು ಬಂತು, ಮುಖ ಕೆಂಪಾಯಿತು. ಆಮೇಲೆ ಬಂಡೆಯ ಮೇಲಿನಿಂದ, "ಸಾಹೇಬ್ರ, ನಮ್ಮನ್ನ ಹಿಡಕೊಂಡು ಹೋಗ್ರೀ, ಇಲ್ಲಿ ಬಿಡಬ್ಯಾಡ್ರೀ" ಅನ್ನುವ ಕೂಗು ಕೇಳಿ ನಗು ಬಂತು. ಹಿಡಿದುಕೊಂಡು ಹೋದರು. ಕಂಪ್ರೆಸರ್, ಟ್ರ್ಯಾಕ್ಟರ್ ಎಲ್ಲವೂ ಅಲ್ಲೇ ಸಿಕ್ಕವು. ಆಳುಗಳು ಯಾರ ಆಳುಗಳು ಅಂತ ಅವರೇ ಹೇಳಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಗುತ್ತಿಗೆದಾರ ಬಿಡಲಿಲ್ಲ. ಆಳುಗಳು ದಾರಿ ತಪ್ಪಿ ಆ ಕಡೆ ಹೋದರು, ಗಾರ್ಡ್ ನನ್ನ ಮೇಲಿನ ದ್ವೇಷಕ್ಕೆ ಪೊಲೀಸರಿಗೆ ಸುಳ್ಳು ಹೇಳಿ ಕರೆಸಿದ್ದಾಳೆ ಅಂತ ಮೇಲಿನವರಿಗೆ ದೂರು ಕೊಟ್ಟ. ಇಲ್ಲದ ಮನೆ, ಇಲ್ಲದ ಬಾಣಂತಿ ಹೇಳಿ ಸರ್ಕಾರಕ್ಕೇ ಮೋಸ ಮಾಡಿದಳು ಅಂತ. ವಿಚಾರಣೆ ಮುಗಿಯುವ ತನಕ ಆಕೆಯನ್ನು ಕೆಲಸದಿಂದ ತೆಗೆದು ಮನೆಯಲ್ಲಿ ಕೂರಿಸಿದರು. ಗುತ್ತಿಗೆದಾರನ ಮೇಲಿನ ಕೇಸು ಕೋರ್ಟಿನಲ್ಲಿತ್ತು; ಅಲ್ಲಿ ಆಕೆ ಸುಳ್ಳುಗಾರ್ತಿ ಅಂತಾದರೆ ಕೆಲಸ ಹೋಯಿತು, ಕೇಸು ಬಿದ್ದುಹೋಯಿತು, ಗುಡ್ಡ ಹೋಯಿತು. ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತು.

ಗಂಡ ಆ ವಾರ ಸೋಮವಾರವೂ ಹೋಗಲಿಲ್ಲ. ಹೊಲಿಗೆ ಮಷೀನನ್ನೇ ಕುಷ್ಟಗಿಯಿಂದ ತರಿಸಿ ನಮ್ಮ ಕಟ್ಟೆಯ ಮೇಲಿಟ್ಟು ಊರವರ ಬಟ್ಟೆ ಹೊಲಿಯಲು ಕುಳಿತ. ಆಕೆ ಅವತ್ತೂ ಬೆಳಗ್ಗೆ ಕೋಲು ತೆಗೆದುಕೊಂಡು ಗುಡ್ಡಕ್ಕೆ ಹೊರಟಳು. ಖಾಕಿ ಇಲ್ಲ, ಮನೆಯ ಸೀರೆ.

"ನಿನ್ನ ಕೆಲಸದಿಂದ ತಗದಾರಲ್ಲ, ಯಾಕ ಹೊಂಟಿ?" ಅಂದೆ.

"ನೌಕರಿ ಅಮಾನತ್ತಾಗೈತಿ. ಕಾಲು ಅಮಾನತ್ತಾಗಿಲ್ಲ ಬೇ."

ನಾನು ಒಂದು ಸಲ ನೇರವಾಗಿ ಕೇಳಿದೆ. "ಖರೇ ಹೇಳು. ಆ ಹುಡುಗ ಸಾಹೇಬಗ ತಿಳಿಯಂಗಿಲ್ಲ ಅಂತ ಬೇಕಂತ ಹಂಗಂದಿಯೇನು?" ಆಕೆ ಕಡಲೆಕಾಯಿ ಸುಲಿಯುತ್ತಿದ್ದಳು. "ಅದಕ್ಕ ಮನಿ ಅನ್ನದ ನೀ ಬ್ಯಾರೆ ಏನಂತಿ?" ಅಂದಳು. "ಮನಿ ಅಂತೀನಿ." "ಆಕಿಗೆ ನಾ ಚಳಿಗಾಲದಿಂದ ಏನಂತಿದ್ದೆ?" "ಬಾಣಂತಿ ಅಂತಿದ್ದಿ." "ಮತ್ತ?" ಅಂದು ಕಾಳು ಬಾಯಿಗೆ ಹಾಕಿಕೊಂಡಳು. ನಾನು ಇವತ್ತಿಗೂ ಮತ್ತೆ ಕೇಳಿಲ್ಲ.

ಕೋರ್ಟಿಗೆ ನನ್ನನ್ನು ಸಾಕ್ಷಿಗೆ ಕರೆದರು. ಊರಲ್ಲಿ ಬೇರೆಯವರು ಒಲ್ಲೆ ಅಂದಿದ್ದರು. ಅರ್ಧ ಊರಿಗೆ ಕ್ವಾರಿಯ ಕೂಲಿ. ಅವರನ್ನು ಬೈಯುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಗುತ್ತಿಗೆದಾರನ ಮನುಷ್ಯ ನನ್ನ ಹತ್ತಿರವೂ ಬಂದಿದ್ದ. "ಆಯಿ, ನಿನಗ ವಯಸ್ಸಾಗೇತಿ, ಕೋರ್ಟ್ ಕಚೇರಿ ಯಾಕ ಬೇಕು?" ಅಂದ. "ವಯಸ್ಸಾಗೇತಿ ಅಂತನ ಹೊಂಟೀನಿ. ನನ್ನ ಹೆದರಿಸಿ ಏನ್ ಕಸ್ಕೋತಿ?" ಅಂದೆ.

ಗಂಗಾವತಿ ಕೋರ್ಟಿನ ಬೇವಿನ ಗಿಡದ ಕೆಳಗೆ ಸರ್ಕಾರದ ವಕೀಲರು ನನಗೆ ಪಾಠ ಹೇಳಿಕೊಟ್ಟರು. "ಅಜ್ಜಿ, ಒಳಗ ಮನಿ ಅನ್ನಬ್ಯಾಡ್ರಿ, ಅದ ನಮಗ ತೊಡಕಾಗೈತಿ. ಸ್ಮಾರಕ ಅನ್ರಿ. ಬಾಣಂತಿ ಅನ್ನಬ್ಯಾಡ್ರಿ, ವನ್ಯಜೀವಿ ಅನ್ರಿ." ನಾನು ಬಾಯಿಪಾಠ ಮಾಡಿದೆ. ಸ್ಮಾರಕ ಅನ್ನುವುದು ನನ್ನ ಬಾಯಲ್ಲಿ ಸಾರಕ್ಕ ಅಂತ ಬಂತು. ಗಾರ್ಡಕ್ಕ ದೂರ ನಿಂತು ಕೇಳುತ್ತಿದ್ದವಳು ಬಂದು, "ಬಿಡಬೇ. ನಿನ್ನ ಬಾಯಾಗ ಇದ್ದದ್ದ ಹೇಳು. ಕೆಟ್ಟರ ಕೆಡ್ಲಿ" ಅಂದಳು. ಆಕೆಯ ದನಿ ಸಣ್ಣಗಿತ್ತು. ಅದೊಂದು ಸಲ ಮಾತ್ರ ಆಕೆಯ ದನಿ ಸಣ್ಣಗಾದದ್ದನ್ನು ಕೇಳಿದ್ದೇನೆ.

ಒಳಗೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಆಮೇಲೆ ಗುತ್ತಿಗೆದಾರನ ವಕೀಲ ಎದ್ದ. ಗಂಗಾವತಿಯವನೇ, ನಮ್ಮ ಕಡೆಯ ಮಾತೇ.

"ಹುಲಿಗೆವ್ವ, ಆ ಗುಡ್ಡದ ಮ್ಯಾಲ ಯಾರಾರ ವಾಸ ಅದಾರೇನು?"

"ಅದಾರ್ರಿ. ಕರಡಿ ಅದಾವ."

"ಮನುಷ್ಯಾರು?"

"ಇಲ್ರಿ."

"ಮನುಷ್ಯಾರು ಇಲ್ಲಂದ್ರ ಮನಿ ಎಲ್ಲಿಂದ ಬಂತು? ಬಾಣಂತಿ ಯಾರು? ಆಕಿ ಹೆಸರೇನು? ಗಂಡ ಯಾರು?"

"ಗಂಡನ್ನ ನಾ ನೋಡಿಲ್ರಿ. ಬಸರ ಮಾಡಿ ಹೋಗಿಬಿಡ್ತಾನ. ಅವರ ಪೈಕ್ಯಾಗ ಹಂಗ ಐತಿ."

ಹಿಂದೆ ಕುಳಿತವರು ನಕ್ಕರು. ಜಡ್ಜ್ ಸಾಹೇಬರು ಮೇಜು ಕುಟ್ಟಿದರು. ವಕೀಲನಿಗೆ ಸಿಟ್ಟು ಬಂತು. ನಾನು ಅಲ್ಲಿಗೆ ಹೋಗಿಯೇ ಇಲ್ಲ ಅಂತ ತೋರಿಸಲು ನೋಡಿದ. ನನ್ನ ಮೊಣಕಾಲು ನೋಡಿದ, ಕೋಲು ನೋಡಿದ, ದನಿ ಏರಿಸಿದ.

"ನಿನಗ ಮೆಟ್ಟಲಾ ಹತ್ತಾಕ ಆಗವಲ್ದು. ಊರಿಂದ ಮೋರ್ಯಾರ ಮನಿ ತನಕ ಹೆಂಗ ಹತ್ತಿದಿ?"

ನಾನು ಕೋಲು ಊರಿ ಅವನ ಮುಖ ನೋಡಿದೆ.

"ಹೇಳವಾ, ಮೋರ್ಯಾರ ಮನಿಗೆ ಹೆಂಗ ಹೋದಿ?"

"ಈಗ ನೀವು ಏನಂದ್ರಿ ವಕೀಲರ?" ಅಂದೆ. "ಎಲ್ಲಿಗೆ ಹೋದಿ ಅಂತ ಕೇಳಿದ್ರಿ?"

ಆತ ಕೈಯಲ್ಲಿದ್ದ ಕಾಗದ ತಿರುವಿದ.

"ನೀವೂ ಮನಿ ಅಂದ್ರಿ. ಎರಡು ಸಲ ಅಂದ್ರಿ. ನಿಮ್ಮವ್ವನೂ ಹಂಗ ಅಂದಿರಬೇಕು, ಅದಕ್ಕ ನಿಮ್ಮ ಬಾಯಾಗ ಬಂತು. ಆಕಿ ಅಂದ್ರ ಸುಳ್ಳು, ನೀವಂದ್ರ ಖರೇ ಏನ್ರಿ?"

ಈ ಸಲ ಜಡ್ಜ್ ಸಾಹೇಬರು ಮೇಜು ಕುಟ್ಟಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ಆಮೇಲೆ ಮೈಸೂರು ಕಡೆಯ ಸಬ್ ಇನ್ಸ್‌ಪೆಕ್ಟರ ಸರದಿ ಬಂತು. ಅವರು, "ಭಾಷೆ ಅರ್ಥವಾಗದೆ ಇದ್ದದ್ದು ನನಗೆ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳು ಇರಲಿಲ್ಲ" ಅಂದರು. ಒಳ್ಳೆಯ ಹುಡುಗ. ಈಗ ನಮ್ಮ ಮಾತು ಚೆನ್ನಾಗಿ ಕಲಿತಿದ್ದಾನೆ.

ತೀರ್ಪು ಬಂದ ದಿನ ಗುತ್ತಿಗೆದಾರ ತಲೆ ತಗ್ಗಿಸಿ ಹೋದ. ಕಲ್ಲಿನ ಕಾಯ್ದೆಯಡಿ ಒಂದು, ಕರಡಿಯ ಕಾಯ್ದೆಯಡಿ ಇನ್ನೊಂದು, ಎರಡೂ ಶಿಕ್ಷೆ ಬಿದ್ದವು. ಒಂದರಿಂದ ತಪ್ಪಿಸಿಕೊಳ್ಳಲು ಹೋದರೆ ಇನ್ನೊಂದು ಹಿಡಿಯಿತು. ಗಾರ್ಡಕ್ಕ ನನ್ನ ಕೈ ಹಿಡಿದು, "ನೋಡಬೇ, ಗಂಡ ಹೆಂಡ್ತಿ ಕಡೀಕ ಮಾತಾಡಿದ್ರು" ಅಂದಳು. ವಿಚಾರಣೆಯೂ ಬಿದ್ದುಹೋಯಿತು, ಖಾಕಿ ವಾಪಸ್ ಬಂತು. ಗಂಡ ಅವತ್ತೇ ಅದಕ್ಕೆ ಹೊಸ ಗುಂಡಿ ಹಚ್ಚಿದ. ಊರಿಗೆ ಬಂದರೆ, ಸಾಕ್ಷಿಗೆ ಒಲ್ಲೆ ಅಂದವರೇ ಹಲಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಣ್ಣದ ದಿನ ಅಲ್ಲದಿದ್ದರೂ ಬಣ್ಣ ತಂದಿದ್ದರು. ಆಕೆ ಎಲ್ಲರನ್ನೂ ಬೈದಳು. "ಅವತ್ತು ಎಲ್ಲಿ ಸತ್ತಿದ್ರಿ?" ಅಂದಳು. ಬೈಯುತ್ತಲೇ ಮುಖ ಒಡ್ಡಿ ಬಣ್ಣ ಹಚ್ಚಿಸಿಕೊಂಡಳು.

ಈಗ ನೆತ್ತಿಗೆ ಹೋಗುವ ಆ ಹೊಸ ದಾರಿಗೆ ಅಡ್ಡ ಕಂದಕ ತೋಡಿದ್ದಾರೆ. ಸೀಳಿದ ಚಪ್ಪಡಿಗೆ ಆಸರೆ ಕೊಟ್ಟಿದ್ದಾರೆ. ಒಂದು ದೊಡ್ಡ ಬೋರ್ಡು ನಿಂತಿದೆ. ಅದರಲ್ಲಿ ಶಿಲಾ ಸಮಾಧಿ ಅಂತ ಬರೆದಿದೆ, ಅದನ್ನು ಕೆಡಿಸಿದರೆ ಏನು ಶಿಕ್ಷೆ ಅಂತಲೂ ಬರೆದಿದೆ. ನಾನು ಮೊದಲಿನಿಂದ ಕೊನೆಯ ತನಕ ಓದಿದೆ. ಮನೆ ಅನ್ನುವ ಮಾತು ಇಲ್ಲ. ಗಾರ್ಡಕ್ಕ, "ಬರಕೊಳ್ಳಲಿ ಬಿಡಬೇ. ಕಳ್ಳರಿಗೆ ತಿಳಿಲಿ ಅಂತ ಬರದಾರ, ನಮಗಲ್ಲ" ಅಂದಳು.

ಸಮಾರಂಭದ ಮರುದಿನ ಆಕೆ ಕುಷ್ಟಗಿಗೆ ಹೊರಡುವವಳಿದ್ದಳು. ಹೊಲಿಗೆ ಮಷೀನು ಗಾಡಿ ಏರಿತ್ತು. ನಾನು ಅಂಟಿನುಂಡಿ ಕಟ್ಟಿದ್ದೆ. ಡಬ್ಬಿ ಕೈಗೆ ಕೊಟ್ಟೆ. "ನಾನೇನ್ ಬಾಣಂತಿಯೇನು?" ಅಂದಳು. "ತಿನ್ನು, ಮಾತಾಡಬ್ಯಾಡ" ಅಂದೆ. ಗಂಡನಿಗೆ ಸ್ವಲ್ಪ ತಡೆ ಅಂತ ಹೇಳಿ, ಇಬ್ಬರೂ ಒಮ್ಮೆ ಗುಡ್ಡ ಹತ್ತಿದೆವು. ನನಗೆ ಮೊಣಕಾಲು ನೋವು, ಆಕೆಗೆ 'ಮೃದು ಸ್ವಭಾವ'. ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಹತ್ತಿದಳು.

ಬಂಡೆಗೆ ಆತುಕೊಂಡ ಆ ಮನೆಯ ಮುಂದೆ ದೂರದಲ್ಲೇ ನಿಂತಳು. ಖಾಕಿ ಇಲ್ಲ, ಕೈಯಲ್ಲಿ ಇಲಾಖೆಯ ಕೋಲೂ ಇಲ್ಲ. ನನ್ನ ಊರುಗೋಲು ತೆಗೆದುಕೊಂಡು ನೆಲಕ್ಕೆ ಬಡಿದಳು.

"ಯಾರದೀರಿ ಮನ್ಯಾಗ?"

ಒಳಗಿಂದ ಗುರ್ ಅಂತು.

"ಅದಾರ" ಅಂದಳು. ಕೋಲು ನನ್ನ ಕೈಗೆ ಕೊಟ್ಟಳು. "ನಡಿಬೇ, ಇಳಿಯೂನು."